ಮೆದೆಗೆ ಹೊದಿಸಿದ ಫ್ಲೆಕ್ಸುಗಳು

ನಾನು ತುಮಕೂರಿನ ಒಂದು ಖಾಸಗಿ ಫಾರ್ಮಸಿ ಕಾಲೇಜಿನ ಬಸ್ ಡ್ರೈವರ್. ಅಡ್ಮಿಷನ್ ಪ್ರಚಾರ ಶುರುವಾದರೆ, ಮಲಾವಿ ದೇಶದಿಂದ ಓದಲು ಬಂದಿದ್ದ ಚಿಸೋಮೊ ಎಂಬ ಹುಡುಗಿಗೆ ಸೀರೆ ಉಡಿಸಿ ನನ್ನ ಬಸ್ಸಿಗೆ ಹತ್ತಿಸುತ್ತಿದ್ದರು. ಗುಬ್ಬಿ, ಚೇಳೂರು, ಕುಣಿಗಲ್, ಹೋದಲ್ಲೆಲ್ಲ ಅವಳನ್ನು ವೇದಿಕೆಯ ಮೇಲೆ ಕೂರಿಸಿ, ಹೊರದೇಶದವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ ಎಂದು ಭಾಷಣ. ಕುಣಿಗಲ್‌ನಲ್ಲಿ ಒಬ್ಬಾಕೆ ಅವಳ ಜಡೆ ಎಳೆದು, ನಿಜವಾದ ಕೂದಲೇ ಎಂದು ನೋಡಿದಳು. ವೇದಿಕೆಯವರು ನಕ್ಕರು. ವಾಪಸ್ ಬರುವಾಗ ಹುಡುಗಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

ಪರೀಕ್ಷೆಗೆ ಎರಡು ದಿನ ಇರುವಾಗ ಅವಳಿಗೆ ಹಾಲ್ ಟಿಕೆಟ್ ಇಲ್ಲ ಎಂದರು. ಹನ್ನೊಂದು ದಿನ ಗೈರು, ಹಾಜರಿ ಸಾಲದು. ಪರೀಕ್ಷೆ ತಪ್ಪಿದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಅವಳು ಓದು ಬಿಟ್ಟು ಊರಿಗೆ ಹೊರಡಬೇಕು.

"ಅಣ್ಣಾ, ಆ ದಿನ ಎಲ್ಲಾ ನಾನು ನಿಮ್ಮ ಬಸ್ಸಲ್ಲೇ ಇದ್ದೆ" ಎಂದಳು, ಇಲ್ಲೇ ಕಲಿತ ಕನ್ನಡದಲ್ಲಿ.

ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಭಾನುಪ್ರಕಾಶ್ ಅವರನ್ನು ಕೇಳಿದೆ.

"ಅವ್ಳೇ ಇಷ್ಟಪಟ್ಟು ಬಂದಿದ್ದು ಕಣ್ರೀ ಬೆಟ್ಟಯ್ಯ. ಬಂದಿದ್ಕೆ ರೆಕಾರ್ಡ್ ಎಲ್ಲಿದೆ? ನೀವು ಸ್ಟೇರಿಂಗ್ ನೋಡ್ಕೊಳಿ."

ರೆಕಾರ್ಡ್ ನಮ್ಮ ಮನೆಯಲ್ಲಿತ್ತು. ಕಾರ್ಯಕ್ರಮ ಮುಗಿದ ಮೇಲೆ ಫ್ಲೆಕ್ಸನ್ನು ಯಾರೂ ಕೇಳುವುದಿಲ್ಲ; ನಮ್ಮೂರು ಕಡಬಕ್ಕೆ ಒಯ್ದು ರಾಗಿಹುಲ್ಲಿನ ಮೆದೆಗೆ ಹೊದಿಸುತ್ತೇನೆ. ಒಂದೊಂದರಲ್ಲೂ ಊರು, ತಾರೀಕು, ಅವಳ ಹೆಸರು, ಆಳುದ್ದ ಫೋಟೊ.

"ಮಳೆ ಬಂದು ಹುಲ್ಲು ಕೊಳೆತ್ರೆ ಹಸ ಏನ್ ನಿನ್ ಕಾಲೇಜ್ ಮೇಯ್ತದಾ?" ಎಂದು ಬೈಯುತ್ತಲೇ ನನ್ನ ಹೆಂಡತಿ ವನಜಾಕ್ಷಿ ಹಗ್ಗದ ಗಂಟು ಬಿಚ್ಚಿಕೊಟ್ಟಳು.

ಬೆಳಿಗ್ಗೆ ಪ್ರಿನ್ಸಿಪಾಲರ ಬಾಗಿಲ ಮುಂದೆ ಹನ್ನೊಂದನ್ನೂ ಹಾಸಿದೆ. ಕಾಗೆ ಹಿಕ್ಕೆ, ಹುಲ್ಲುಕಡ್ಡಿ ಮೆತ್ತಿದ ಹನ್ನೊಂದು ಚಿಸೋಮೊ. ಹುಡುಗರು ಸೇರಿದರು, ಮೊಬೈಲು ತೆಗೆದರು. ಪ್ರಿನ್ಸಿಪಾಲರು ಹಾಜರಿ ಪಟ್ಟಿ ತರಿಸಿ ತಾರೀಕು ಹೋಲಿಸಿದರು. ಹನ್ನೊಂದಕ್ಕೆ ಹನ್ನೊಂದೂ ಕೂಡಿಬಂತು. ಹಾಲ್ ಟಿಕೆಟ್‌ಗೆ ಸಹಿ ಹಾಕಿದರು.

ಭಾನುಪ್ರಕಾಶ್ ಅದನ್ನು ತಾವೇ ಇಸಿದುಕೊಂಡು ಫೋಟೊಗ್ರಾಫರನ್ನು ಕರೆದರು.

"ಸ್ವಲ್ಪ ನಗಮ್ಮ. ಫಾರಿನ್ ಸ್ಟೂಡೆಂಟ್ಸಿಗೆ ಎಷ್ಟ್ ಸಪೋರ್ಟ್ ಮಾಡ್ತೀವಿ ಅಂತ ಜನ ನೋಡ್ಲಿ."

ಹುಡುಗಿ ಟಿಕೆಟ್ಟಿನ ಒಂದು ತುದಿ ಹಿಡಿದಳು. ಇವರು ಇನ್ನೊಂದು ತುದಿ ಬಿಡಲಿಲ್ಲ. ಅವಳು ನಗಲೂ ಇಲ್ಲ, ಕೈ ತೆಗೆಯಲೂ ಇಲ್ಲ.

"ಬುಡಿ ಸಾರ್, ಹರಿದೋಗ್ತದೆ" ಎಂದೆ.

ಫೋಟೊ ಆದಮೇಲೆ ಬಿಟ್ಟರು.

ಮುಂದಿನ ವಾರ, ಅವಳು ಕೊನೆಯ ಪರೀಕ್ಷೆ ಬರೆಯುತ್ತಿದ್ದಾಗ, ಗುಬ್ಬಿಗೆ ಕಟ್ಟಲು ಹೊಸ ಫ್ಲೆಕ್ಸ್ ಕೊಟ್ಟರು. ಅದೇ ಫೋಟೊ. ನಗದ ಹುಡುಗಿಯನ್ನು ಕಂಪ್ಯೂಟರಿನಲ್ಲಿ ಹಲ್ಲು ಕಾಣುವಂತೆ ನಗಿಸಿದ್ದರು.

ಅದನ್ನು ನಾನು ಗುಬ್ಬಿಯಲ್ಲಿ ಕಟ್ಟಲಿಲ್ಲ. ಮೆದೆಗೂ ಹೊದಿಸಲಿಲ್ಲ.