ಹೊಸ್ತಿಲ ಬಳಿಯ ಉಬ್ಬು

ಯುಗಾದಿಗೆ ಮೊದಲು ಸವಣೂರಿನ ಹೊನ್ನವ್ವನ ಮನೆಯ ಪಡಸಾಲೆಗೆ, ನೆಲಕ್ಕೆ ಅಂಟಿಸುವ ವಿನೈಲ್ ಹಾಸು ಬಂತು. ಹಬ್ಬದ ದಿನ ಅದು ಅಂಗೈಯಂತೆ ಸಪಾಟಾಗಿತ್ತು. ಹಬ್ಬ ಕಳೆದ ಮೇಲೆ ಹೊಸ್ತಿಲ ಬಳಿಯ ಜೋಡಣೆ ಬಾಯಿ ಬಿಟ್ಟಿತು. ಕಾರಹುಣ್ಣಿಮೆಯ ಹೊತ್ತಿಗೆ ಅಲ್ಲೊಂದು ಉಬ್ಬು ಎದ್ದು, ಕಾಲಿಟ್ಟರೆ ಪಚಪಚ ಎನ್ನತೊಡಗಿತು.

ಹಾಸು ಹಾಕಿದ ಇರ್ಫಾನನನ್ನು ಹೊನ್ನವ್ವ ಓಣಿಯ ತುಂಬ ಬೈದಳು. ಅವನು ಅಗ್ಗದ ಅಂಟು ಬಳಿದಿದ್ದಾನೆಂದು ತಿಳವಳ್ಳಿಯ ಬೀಗರಿಗೆ ಫೋನಿನಲ್ಲಿ ತಿಳಿಸಿದವಳು ಮಗಳು ರಂಜನಾ. ರಸಾಯನಶಾಸ್ತ್ರ ಓದಿದವಳ ಮಾತೆಂದು ನಂಬಿ, ಬೀಗರು ಅವನಿಗೆ ಒಪ್ಪಿಸಿದ್ದ ಕೆಲಸವನ್ನು ತಡೆಹಿಡಿದರು.

ಇರ್ಫಾನ ತಾನಾಗಿಯೇ ಬಂದ. "ಕಿತ್ತು ನೋಡ್ರಿ ಅಕ್ಕಾರ. ತಪ್ಪು ನಂದಾದ್ರ ಮತ್ತ ಹಾಸಿ ಕೊಡ್ತೇನಿ. ನೋಡೂಕಿಂತ ಮೊದ್ಲ ಮಂದಿಗೆ ಹೇಳಬ್ಯಾಡ್ರಿ."

ರಂಜನಾ ಕ್ರಮವಾಗಿ ಪರೀಕ್ಷಿಸಿದಳು. ಅದೇ ಅಂಟಿನಿಂದ ಕೂಡಿಸಿದ್ದ ಅಡುಗೆಮನೆ ಬಾಗಿಲಿನ ಜೋಡಣೆ ಉಗುರಿಗೂ ಸಿಗದಷ್ಟು ಗಟ್ಟಿಯಾಗಿತ್ತು. ಗೋಡೆಯಲ್ಲಿ ಪಸೆಯಿರಲಿಲ್ಲ. ಹೊಸ್ತಿಲ ಬಳಿ ಹಾಸನ್ನು ಎತ್ತಿದಾಗ ಮಾತ್ರ ಅಂಟು ಹಾಲಿನಂತೆ ಬೆಳ್ಳಗೆ ಕದಡಿತ್ತು. ನೀರು ಮೇಲಿನಿಂದಲೇ ಇಳಿದಿತ್ತು.

ಅದು ಯಾವ ನೀರೆಂದು ಅವಳು ಹುಡುಕಬೇಕಾಗಿರಲಿಲ್ಲ. ಆಚೆ ಕೇರಿಯಿಂದ ಶೇಂಗಾ ಹಸನು ಮಾಡಲು ಬರುವ ಉಡಚವ್ವ ಕುಳಿತುಕೊಳ್ಳುತ್ತಿದ್ದುದು ಅಲ್ಲಿಯೇ. ಅವಳು ಎದ್ದುಹೋದ ಕೂಡಲೇ ಅವ್ವ ಆ ಜಾಗಕ್ಕೆ ತಂಬಿಗೆ ನೀರು ಸುರಿದು ತೊಳೆಯುತ್ತಿದ್ದಳು. ಕಡಪಾ ಕಲ್ಲಿನ ನೆಲವಿದ್ದ ಕಾಲದಲ್ಲಿ ಆ ನೀರು ಅಂಗಳಕ್ಕೆ ಹರಿದುಹೋಗುತ್ತಿತ್ತು. ತಂಬಿಗೆ ತುಂಬಿಕೊಡುತ್ತಿದ್ದವಳು ರಂಜನಾ. ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ನೀರೆಂದೇ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರಂಜನಾ ಹೇಳಿದ ಕಾರಣ ಕೇಳಿ ಹೊನ್ನವ್ವ ದನಿ ತಗ್ಗಿಸಿದಳು. "ಬಿಎಸ್ಸಿ ಓದಿ ಅವ್ವನ ತಂಬಿಗೀನ ಪರೀಕ್ಷೆ ಮಾಡಾಕತ್ತಿಯೇನು? ನಮ್ಮತ್ತಿ ಮಾಡಿದ್ದ ನಾ ಮಾಡೇನಿ. ಇದನ್ನ ಬೀಗರ ಮುಂದ ಹೇಳಬ್ಯಾಡ. ಅಂಟು ಸರಿ ಇರಲಿಲ್ಲ ಅಂದ್ರ ಮುಗೀತು."

"ಅವನ ಹೆಸರ ಕೆಡಸಿದಾಕಿ ನಾನವ್ವಾ."

ಹಾಸು ಎತ್ತಿದ್ದರಿಂದ ಅಂದು ಅಂಗಳದಲ್ಲಿ ಮೊರ ಹಿಡಿದು ಕುಳಿತಿದ್ದ ಉಡಚವ್ವನಿಗೆ ಎಲ್ಲವೂ ಕೇಳಿಸಿತ್ತು. ಅವಳು ಕೇರುವುದನ್ನು ನಿಲ್ಲಿಸಲಿಲ್ಲ. "ನಂಗ ಗೊತ್ತೈತಿ ತಂಗಿ. ನಾ ಗೇಟ ದಾಟೂದ್ರಾಗ ನೀರಿನ ಸಪ್ಪಳ ಕೇಳತೈತಿ" ಎಂದಳು. "ನಾ ಒಂದೀಟ ದೂರ ಹೋದ ಮ್ಯಾಲ ಸುರೀರಿ ಅಂತ ಹೇಳಬೇಕಂತಿದ್ದೆ. ಬಾಯಿ ಬರಲಿಲ್ಲ."

ಇರ್ಫಾನ ತಲೆ ತಗ್ಗಿಸಿ ಹಾಸಿನ ಅಂಚನ್ನು ಒರೆಸುತ್ತಿದ್ದ. ಹೊನ್ನವ್ವ ಒಳಗೆ ಹೋದಳು. ತಂಬಿಗೆಯನ್ನು ಬೋರಲು ಹಾಕಿದ ಸಪ್ಪಳ ಪಡಸಾಲೆಯವರೆಗೆ ಕೇಳಿಸಿತು.

ರಂಜನಾ ಎಲ್ಲರ ಎದುರಿನಲ್ಲೇ ತಿಳವಳ್ಳಿಗೆ ಫೋನ್ ಹಚ್ಚಿದಳು.

"ಇರ್ಫಾನನ ಅಂಟಿನಾಗ ದೋಷ ಇಲ್ರಿ. ಉಡಚವ್ವ ಕುಂತ ಜಾಗಕ್ಕ ನಾವು ದಿನಾ ನೀರು ಸುರೀತಿದ್ವಿ. ಹಾಸು ಎದ್ದದ್ದು ಅದರಿಂದ."