ಚಿಂಪಿ ಗಂಟು

ಶವಪೆಟ್ಟಿಗೆಗೆ ಹಗ್ಗ ಸುತ್ತಿ ಗಂಟು ಹಾಕುತ್ತಿದ್ದ ಸಂಗ್ರಹಾಲಯದ ನಿರ್ದೇಶಕರು, ಎಲ್ಲರಿಗೂ ಕಾಣಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಹಾಯಿಹಡಗಿನಲ್ಲಿ ನಾವಿಕ ಸತ್ತರೆ ಕೊನೆಗೆ ಹಾಕುವುದು ಇದನ್ನೇ ಎಂದು ವಿವರಿಸಿದರು.

"ಇದಕ್ಕೆ ಚಿಂಪಿ ಗಂಟು ಅಂತಾರೆ. ನನ್ನ ನಿಘಂಟಿನಲ್ಲಿದೆ, ಇನ್ನೂರ ಹನ್ನೆರಡನೇ ಪುಟ."

ಸತ್ತವನ ಮಗಳು ತಲೆ ಎತ್ತಿದಳು. ಮನೆಯಲ್ಲಿ ಚಿಂಪಿ ಎಂದರೆ ಅವಳೇ.

ಅಪ್ಪ ಹಡಗು ಸಂಗ್ರಹಾಲಯದ ಗುಮಾಸ್ತ. ಹಾಯಿ, ಹಗ್ಗ, ಲಂಗರು, ಕುಶಾಲತೋಪು ಎಂದು ಪದಕ್ಕೊಂದು ಕಾರ್ಡಿನಂತೆ ಮೂವತ್ತೊಂದು ವರ್ಷ ಬರೆದವನು. ಹಡಗು ಹತ್ತಿದವನಲ್ಲ. ಒಮ್ಮೆ ಕೆರೆಯ ದೋಣಿಯಲ್ಲಿ ಕೂತು ವಾಂತಿ ಮಾಡಿಕೊಂಡದ್ದನ್ನು ಅಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಇವತ್ತು ಹೇಳಲಿಲ್ಲ. ನಿಘಂಟು ಅಚ್ಚಾದಾಗ ಮೇಲಿದ್ದದ್ದು ನಿರ್ದೇಶಕರ ಹೆಸರು. ಮುನ್ನುಡಿಯ ತುದಿಯಲ್ಲಿ 'ಕಚೇರಿಯ ಸಿಬ್ಬಂದಿಗೆ' ಕೃತಜ್ಞತೆ. ಒಂದು ಸಲವಾದರೂ ಅದರಲ್ಲಿ ಅಪ್ಪನ ಹೆಸರು ಬರಬೇಕೆಂಬುದು ಮಗಳ ಹಟ.

ಪಕ್ಕದಲ್ಲಿದ್ದ ಸೋದರಮಾವ ಬಾಯಿ ಅಲುಗಿಸದೆ ನಿರ್ದೇಶಕರ ದನಿಯನ್ನೇ ತೆಗೆದ: "ಸಿಬ್ಬಂದಿಯ ಗಂಟು ಹೊಡೆದು ನಾನು ಮಾಡಿದ ನಿಘಂಟು."

ಅವಳಿಗೆ ನಗು ಬರಲಿಲ್ಲ.

*

ಏಳು ವರ್ಷದವಳಿದ್ದಾಗ, ಶೂ ಲೇಸು ಕಟ್ಟಲು ಬಾರದೆ, ಅವಳೇ ಒಂದು ಗಂಟು ಹುಟ್ಟಿಸಿದ್ದಳು. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಬೀಳುತ್ತಿತ್ತು. ಅಪ್ಪ ನಕ್ಕು, ಹೊಸ ಕಾರ್ಡು ತೆಗೆದು 'ಚಿಂಪಿ ಗಂಟು: ನಾವಿಕ ಸತ್ತರೆ ಕೊನೆಗೆ ಹಾಕುವುದು' ಎಂದು ಬರೆದ.

"ಇಂಥ ಗಂಟು ಯಾವ ಹಡಗಲ್ಲೂ ಇಲ್ಲ ಕಣೇ. ಕಾರ್ಡು ಕದ್ದೋರು ಇದನ್ನೂ ಕದೀತಾರೆ. ಆಗ ಸಿಕ್ಕಿಬೀಳ್ತಾರೆ."

"ಆಗ ನೀನು ಹೇಳ್ತೀಯಾ?"

"ಹೇಳದೆ ಬಿಡ್ತೀನಾ?"

ಕದ್ದರು. ಅವನು ಹೇಳಲಿಲ್ಲ. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷವಿತ್ತು. ನಿವೃತ್ತಿಯಾದ ಮೇಲೆ ಕೇಳಿದರೆ, ಈಗ್ಯಾಕೆ ಬಿಡು ಎಂದ.

*

ಅಮ್ಮ ತೋಳು ಹಿಡಿದು ಜಗ್ಗಿದರೂ ಮಗಳು ನಿಲ್ಲಲಿಲ್ಲ.

"ಸರ್, ಅಂಥ ಗಂಟೇ ಇಲ್ಲ. ಅದು ನನ್ನ ಶೂ ಲೇಸಿಂದು. ಕದ್ದೋರು ಸಿಗಲಿ ಅಂತ ಅಪ್ಪ ಬರೆದಿಟ್ಟಿದ್ದು. ಆ ಪುಸ್ತಕ ಪೂರ್ತಿ ಅಪ್ಪಂದು."

ಯಾರೋ ಕೆಮ್ಮಿದರು. ನಿರ್ದೇಶಕರ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

"ತಪ್ಪು ಯಾರಿಂದಾದ್ರೂ ಆಗುತ್ತಮ್ಮ. ಮುಂದಿನ ಮುದ್ರಣದಲ್ಲಿ ತಿದ್ದೋಣ. ಈ ಒಂದು ತಪ್ಪು ಪದ ನಿಮ್ಮಪ್ಪನಿಂದ ಬಂದಿದ್ದು ಅಂತ, ಅವರ ಹೆಸರು ಹಾಕಿಯೇ ತಿದ್ದೋಣ."

ಎಂಥ ದೊಡ್ಡ ಮನಸ್ಸು ಎಂಬಂತೆ ನೆರೆದವರು ತಲೆದೂಗಿದರು.

ಹೊರುವವರು ಬಗ್ಗಿದರು. ಅವಳು ಹಗ್ಗದ ಒಂದು ತುದಿ ಹಿಡಿದು ಎಳೆದಳು. ಗಂಟು ಪೂರ್ತಿ ಬಿಚ್ಚಿ ಹಗ್ಗ ನೆಲಕ್ಕೆ ಜಾರಿತು. ನಿರ್ದೇಶಕರು ಅದನ್ನು ದಾಟಿ ಮುಂದೆ ಬಂದು, ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟರು.