ಶಂಕ್ರವ್ವನ ಊದುಗೊಳವೆ

ನಾನು ಒಂದು ಊದುಗೊಳವೆ. ಗದಗಿನ ಕಮ್ಮಾರನೊಬ್ಬ ಹಳೆಯ ನೀರಿನ ಪೈಪನ್ನು ಕತ್ತರಿಸಿ, ಬಾಯಿಗೆ ತಾಗುವ ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿ ನನ್ನನ್ನು ಹುಟ್ಟಿಸಿದ. ನನಗೆ ಸ್ವಂತ ಉಸಿರಿಲ್ಲ. ಯಾರಾದರೂ ಊದಿದರೆ ಬದುಕು, ಇಲ್ಲವಾದರೆ ಮೂಲೆ.

ಮೊದಲು ನಾನು ಸೇರಿದ್ದು ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ ಗುರುಬಸವ್ವನ ಕೈ. ಕಿಟಕಿಯಿಲ್ಲದ ಅಡುಗೆಮನೆ, ಹಸಿ ಜಾಲಿ ಕಟ್ಟಿಗೆ, ಕಣ್ಣು ಬಿಡಲಾಗದ ಹೊಗೆ. ಅವಳು ಕೆಮ್ಮಿ ಕೆಮ್ಮಿ ತೀರಿಕೊಂಡಳು. "ವಯಸ್ಸಾಗಿತ್ತು ಬಿಡ್ರಿ" ಅಂದರು ಜನ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಮನುಷ್ಯರಿಗೆ ಬಹಳ ಸುಲಭ.

ಆಮೇಲೆ ಖಾನಾವಳಿಯ ಜೊತೆಗೆ ಅವಳ ಸೊಸೆ ಶಂಕ್ರವ್ವನ ಪಾಲಾದೆ. ಗಂಡನಿಲ್ಲ, ಮಕ್ಕಳಿಲ್ಲ, ಅವಳಿಗೆ ನಾನು, ನನಗೆ ಅವಳು. ಊಟಕ್ಕೆ ಬಂದವರಿಗೆ ಸೊಪ್ಪಿನ ಪಲ್ಯ, ಮೊಳಕೆ ಕಾಳು ಬಡಿಸಿ, ತಾನು ತಣ್ಣನೆಯ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು, ಚಹಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಮೇಲೆ ಅವಳ ಉಸಿರು ನನ್ನ ಅರ್ಧದಲ್ಲೇ ನಿಲ್ಲತೊಡಗಿತು. ನನಗೆ ಭಯವಾಯಿತು.

ತೋರಿಸಿಕೊಳ್ಳಲು ಹೋದವಳಿಗೆ ಆಸ್ಪತ್ರೆಯ ನರ್ಸ್ ಸಕೀನಾ, "ಹೊಗಿಯಿಂದ ದೂರ ಇರ್ರಿ. ಸೊಪ್ಪು, ಕಾಳು, ಹಣ್ಣು ತಿನ್ರಿ. ದಿನಾ ನೀರಿನ ಬಾಟ್ಲ್ಯಾಗ ಕೊಳವಿ ಇಟ್ಟು ಮೆಲ್ಲಕ ಊದ್ರಿ" ಎಂದು ಹೇಳಿ ಕಳಿಸಿದ್ದಳು. ಶಂಕ್ರವ್ವ ಮನೆಗೆ ಬಂದು ನಕ್ಕಳು. "ಊದೂದು ನನಗ ಕಲಸಾಕ ಬಂದಾಳ!" ಬಾಟಲಿ ಯಾಕೆಂದು ನನ್ನನ್ನೇ ಎತ್ತಿಕೊಂಡು, ಒಲೆಯ ಮುಂದೆ ಕೂತು, ಇದೇ ಮದ್ದೆಂದು ನಂಬಿ ಎರಡರಷ್ಟು ಊದಿದಳು. ಉಸಿರೆಳೆದುಕೊಂಡಾಗಲೆಲ್ಲ ಹೊಗೆ ಅವಳ ಎದೆಗೇ ಇಳಿಯುತ್ತಿತ್ತು. ಬೇಡ ಎನ್ನಲು ನನಗೆ ಎರಡು ಬಾಯಿದ್ದರೂ ಮಾತಿಲ್ಲ. ಅವಳನ್ನು ಬಿಟ್ಟರೆ ನನಗಿನ್ಯಾರೂ ಇಲ್ಲ. ಆದರೂ ನಾನು ಅವಳ ಕೈಜಾರಿ ಎಲ್ಲಾದರೂ ಕಳೆದುಹೋಗಬಾರದೇ ಎಂದು ಹಾರೈಸಿದೆ.

ಒಂದು ಬೆಳಿಗ್ಗೆ ವಿಚಾರಿಸಲು ಬಂದ ಸಕೀನಾ, ಒಲೆಯ ಮುಂದೆ ಕುಸಿದು ಏದುಸಿರು ಬಿಡುತ್ತಿದ್ದವಳನ್ನು ಅಂಗಳಕ್ಕೆ ಎಳೆತಂದಳು.

"ಇದನ್ನ ಊದಂತ ಯಾರು ಹೇಳಿದ್ರಬೇ?"

"ನೀನ!" ಎಂದಳು ಶಂಕ್ರವ್ವ, ಉಸಿರು ಸಿಕ್ಕ ಕೂಡಲೇ.

ಸಕೀನಾ ತಲೆ ಚಚ್ಚಿಕೊಂಡಳು. ನನ್ನನ್ನು ಕಸಿದು ಹಿತ್ತಲಿಗೆ ಎಸೆದಳು. ಆಮೇಲೆ ತಾನೇ ಓಡಾಡಿ ಗ್ಯಾಸ್ ಒಲೆ ಹಾಕಿಸಿದಳು, ಗೋಡೆ ಒಡೆಸಿ ಅಡುಗೆಮನೆಗೆ ಕಿಟಕಿ ಇಡಿಸಿದಳು.

ಶಂಕ್ರವ್ವ ನನ್ನನ್ನು ಹುಡುಕಿ ಎತ್ತಿಕೊಂಡಾಗ ಎಷ್ಟು ಹಿಗ್ಗಿದೆ! ಆದರೆ ಅವಳು ನನ್ನನ್ನು ಎಳೆ ಬಸಳೆಬಳ್ಳಿಗೆ ಆಸರೆಯಾಗಿ ನೆಟ್ಟಳು. ಈಗ ಒಂದು ಬಾಯಿ ಮಣ್ಣಲ್ಲಿ ಹೂತಿದೆ, ಇನ್ನೊಂದರಲ್ಲಿ ಇರುವೆಗಳು ಓಡಾಡುತ್ತವೆ. ತುಕ್ಕಿಗಿಂತ ಒಂಟಿತನವೇ ಹೆಚ್ಚು ತಿನ್ನುತ್ತದೆ. ಬೆಳಿಗ್ಗೆ ಅವಳು ಸೊಪ್ಪು ಕೊಯ್ಯಲು ಬರುತ್ತಾಳೆ. ಮೊದಲ ಹಿಡಿ ತನ್ನ ತಟ್ಟೆಗೇ. ಹೋದ ದಮ್ಮು ಪೂರ್ತಿ ಮರಳಿಲ್ಲ, ಎದೆ ಇನ್ನೂ ಗೊರಗುಡುತ್ತದೆ. ಆದರೂ ಕೊಯ್ಯುತ್ತ ಕೊಯ್ಯುತ್ತ ಒಂದು ಪದ ಹಾಡಿಕೊಳ್ಳುವಷ್ಟು ಉಸಿರಿದೆ. ಆ ಉಸಿರು ಇನ್ನು ನನ್ನ ಬಾಯಿಗೆ ಬರುವುದಿಲ್ಲ. ಬರದಿರಲಿ, ಅವಳಿಗೇ ಇರಲಿ.